ವಿಯೆಟ್ನಾಮಿನ ಕತ್ತಿಗೆ ಹುಣಸೆಹಣ್ಣು

ಆಯುಧಪೂಜೆಯ ಹಿಂದಿನ ದಿನ ಬೆಳಿಗ್ಗೆ ಶ್ರೀನಿವಾಸಪುರದ ಮೇಲೆ ಮಂಜು ದಟ್ಟವಾಗಿ ಇಳಿದಿತ್ತು. ಹಿತ್ತಲ ಮಾವಿನಮರ ಮುಸುಕು ಹೊದ್ದ ಮದುಮಗಳ ಹಾಗೆ ನಿಂತಿತ್ತು. ಮಂಜಿನಲ್ಲಿ ಭಗವಂತ ಮುಚ್ಚಿಟ್ಟದ್ದನ್ನು ಬಿಸಿಲೇರಿದ ಮೇಲೆ ತೋರಿಸುತ್ತಾನೆ ಎನ್ನುತ್ತಾರೆ ಹಿರಿಯರು. ಕಾಲೇಜಿನ ಚರಿತ್ರೆ ಮೇಷ್ಟ್ರು ಅಮರನಾಥ್‌ಗೆ ಅವನು ತೋರಿಸಿದ್ದು ನಿಂಬೆಗಾತ್ರದ ಹುಣಸೆಹಣ್ಣಿನ ಕೈಯಿಂದ.

ಮೇಷ್ಟ್ರು ಆರು ವರ್ಷದಿಂದ ವಿಯೆಟ್ನಾಮಿನ ಹಳೆಯ ಕತ್ತಿಗಳ ಚರಿತ್ರೆಯ ಮೇಲೆ ಡಾಕ್ಟರೇಟ್ ಮಾಡುತ್ತಿದ್ದರು. ಆ ದೇಶ ಕಂಡವರಲ್ಲ. ಕತ್ತಿ ಸಿಕ್ಕಿದ್ದೂ ಮೂರು ತಿಂಗಳ ಹಿಂದೆ. ಟೇಕಲ್‌ನ ವೆಂಕಟರಮಣಪ್ಪನವರ ತಂದೆ ಮಿಲಿಟರಿಯಲ್ಲಿದ್ದು ವಿಯೆಟ್ನಾಮಿನ ಸೈಗಾನ್ ನೋಡಿಬಂದವರು. ಅವರ ಟ್ರಂಕಿನಲ್ಲಿ ಇದು ಮಲಗಿತ್ತು. "ಹಬ್ಬದೊಳಗೆ ವಾಪಸ್ ಕೊಡಬೇಕು ಮೇಷ್ಟ್ರೇ" ಎಂದು ಹೇಳಿಯೇ ಅವರು ಎರವಲು ಕೊಟ್ಟಿದ್ದರು.

ತುಕ್ಕಿನಡಿಯ ಗೀರುಗಳು ವಿಯೆಟ್ನಾಮಿನ ಪ್ರಾಚೀನ ಲಿಪಿ ಎಂದು ಮೇಷ್ಟ್ರು ಹನ್ನೊಂದು ಪುಟ ಬರೆದಿದ್ದರು. ಹಿಡಿಯ ಮೇಲಿನ ಗುಮ್ಮಟ ಆಮೆಯ ಚಿಪ್ಪಿನ ಸಂಕೇತ ಎಂದು ಇನ್ನೇಳು ಪುಟ. ಇವತ್ತು ಹನ್ನೊಂದು ಗಂಟೆಗೆ ಗೈಡ್ ಮೇಘನ ಮೇಡಂ ಅದನ್ನು ವಿಡಿಯೋ ಕಾಲಿನಲ್ಲಿ ನೋಡಿ ಒಪ್ಪಬೇಕು. ಗಡುವೂ ಇವತ್ತೇ, ತಪ್ಪಿದರೆ ಆರು ವರ್ಷ ಹೊಳೆಯಲ್ಲಿ ಕಿವುಚಿದ ಹುಣಸೆಹಣ್ಣು.

"ಆಮೆ ಯಾಕೋ?" ಎಂದರು ತಾಯಿ ಅಕ್ಕಯಮ್ಮ, ಕಾಫಿ ಕೊಡುತ್ತ.

"ಅಲ್ಲಿ ಲೇ ಲೋಯ್ ಅಂತ ರಾಜ ಇದ್ದನಮ್ಮ. ದೇವರ ಕತ್ತಿ ಹಿಡಿದು ಯುದ್ಧ ಗೆದ್ದ. ಆಮೇಲೆ ಕೆರೆಯಿಂದ ಆಮೆ ಎದ್ದು ಬಂದು, ಕೊಡಪ್ಪಾ ಕತ್ತಿ ಅಂತು. ಕೊಟ್ಟುಬಿಟ್ಟನಂತೆ."

"ರಾಜನ್ನ ಲೇ ಅಂತ ಕರೀಬಾರದು ಕಣೋ. ಒಳ್ಳೇ ಮನುಷ್ಯ ಪಾಪ. ನಮ್ಮ ಕಡೆಯೋರು ಈಸ್ಕೊಂಡ ಜರಡೀನೂ ವಾಪಸ್ ಕೊಡಲ್ಲ."

ಮೇಷ್ಟ್ರು ಸ್ನಾನಕ್ಕೆ ಹೋದರು.

ಹಬ್ಬದ ಹಿಂದಿನ ದಿನ ಮನೆಯ ಕಬ್ಬಿಣವೆಲ್ಲ ತೊಳೆಯುವ ದಿನ. ಪಕ್ಕದ ಮನೆ ಆದಿಲಕ್ಷ್ಮಿ, ಕರೆಯದಿದ್ದರೂ, ಸೆರಗು ಸಿಕ್ಕಿಸಿಕೊಂಡು ಬಂದಾಗಿತ್ತು. ಮಚ್ಚು, ಕುಡುಗೋಲು, ಈಳಿಗೆಮಣೆ ಮುಗಿದ ಮೇಲೆ ಆಕೆಯ ಕಣ್ಣು ಮೇಜಿನ ಮೇಲೆ ಬಿತ್ತು.

"ಅಯ್ಯೋ ರಾಮಾ! ಅಕ್ಕಯಮ್ಮಕ್ಕಾ, ಮೇಷ್ಟ್ರ ಆಯುಧ ನೋಡಿ, ನೂರು ವರ್ಷದ ಕೊಳೆ! ದೇವರು ಮೆಚ್ತಾನಾ?"

ಮೇಷ್ಟ್ರು ತಲೆಯಲ್ಲಿ ಸೋಪಿನ ನೊರೆ ಹೊತ್ತು ಓಡಿಬಂದಾಗ ಹುಣಸೆಹಣ್ಣು ಹಾಕಿ ಉಜ್ಜಿದ ಕತ್ತಿ ಫಳಫಳ ಹೊಳೆಯುತ್ತಿತ್ತು.

"ಅಮ್ಮಾ! ಆ ತುಕ್ಕೇ ಚರಿತ್ರೆ!"

"ಏಂರಾ, ತುಕ್ಕಿಗೆ ಪೂಜೆ ಮಾಡಕ್ಕಾಗುತ್ತಾ?" ಎಂದರು ಅಕ್ಕಯಮ್ಮ. "ಈ ಗುಮ್ಮಟ ಉಜ್ಜುವಾಗ ನೋಡ್ದೆ, ನಮ್ಮಪ್ಪನ ಸೈಕಲ್ ಬೆಲ್ಲಿನ ಮುಚ್ಚಳ ಇದ್ದಂಗೇ ಇದೆ."

"ಅದು ಆಮೆ!"

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಟವೆಲ್ ಮೇಲೊಂದು ಅಂಗಿ ತೊಟ್ಟು, ಅಕ್ಷರ ಉಳಿದಿವೆಯೋ ಎಂದು ನೋಡುವ ಧೈರ್ಯ ಸಾಲದೆ, ಮೇಷ್ಟ್ರು ಕಣ್ಣು ಮುಚ್ಚಿ ಕತ್ತಿಯನ್ನು ಕ್ಯಾಮೆರಾಕ್ಕೆ ಹಿಡಿದರು.

ಮೇಡಂ ಪರದೆಯ ಹತ್ತಿರಕ್ಕೆ ಬಗ್ಗಿದರು.

"ಅಮರನಾಥ್, ಈ ಲಿಪೀನ ನೀವು ಹನ್ನೊಂದು ಪುಟ ಓದಿದೀರಿ. ಈಗ ನಾನು ಒಂದ್ಸಲ ಓದ್ಲಾ? 'ರಾಯಲ್ಪಾಡು ನಾಟಕ ಮಂಡಳಿ. ರಾಜಪಾರ್ಟ್ ಕದಿರಪ್ಪ.' ಯಾರ್ರೀ ಇದು ಕದಿರಪ್ಪ?"

"ನಮ್ಮಪ್ಪ ತಾಯೀ!" ಎಂದರು ಅಕ್ಕಯಮ್ಮ ಬಾಗಿಲ ಹಿಂದಿನಿಂದ, ಭಕ್ತಿಯಿಂದ. "ಬೆಲ್ಲೂ ಅವರದೇ."

ಪರದೆ ಕಪ್ಪಾಯಿತು.

ಸಂಜೆ ವೆಂಕಟರಮಣಪ್ಪನವರು ಬಂದರು. ಇದೊಂದಾದರೂ ಮನೆಯಿಂದ ತೊಲಗಲಿ ಎಂದು ಮೇಷ್ಟ್ರು ಕತ್ತಿ ಚಾಚಿದರು. ಹಿರಿಯರು ಕನ್ನಡಕ ಹಾಕಿಕೊಂಡು ಓದಿದರು, ಮತ್ತೊಮ್ಮೆ ಓದಿದರು, ಜಗಲಿಯ ಮೇಲೆ ಕೂತುಬಿಟ್ಟರು. ಕದಿರಪ್ಪ ತನ್ನ ತಂದೆ ಎಂದು ಅಕ್ಕಯಮ್ಮ ಹೇಳಿದಾಗ ಅವರು ತಲೆಯಾಡಿಸಿದರು.

"ನಮ್ಮಪ್ಪಂಗೂ ನಾಟಕದ ಹುಚ್ಚಿತ್ತು. 'ರಾಯಲ್ಪಾಡಿನೋರ ಸಾಮಾನೊಂದು ವಾಪಸ್ ಕೊಡೋದಿದೆ' ಅಂತಾನೇ ಪ್ರಾಣ ಬಿಟ್ರು. ಯಾವುದು ಅಂತ ಇವತ್ತಿನವರೆಗೂ ತಿಳೀಲಿಲ್ಲ."

ಅವರು ಹೆಗಲ ಟವೆಲಿನಿಂದ ಕತ್ತಿಯನ್ನು ಒರೆಸಿದರು. ತಮ್ಮ ಎಲೆಅಡಿಕೆ ಚೀಲದಿಂದ ಎರಡು ವೀಳ್ಯದೆಲೆ ತೆಗೆದು ಅದರ ಮೇಲಿಟ್ಟರು. ಎರಡೂ ಕೈಯಿಂದ ಅದನ್ನು ಮೇಷ್ಟ್ರ ಕೈಗಿಟ್ಟು ಮೆಟ್ಟಿಲಿಳಿದರು.