ಬಿಸಿಲಿಗೆ ಹಿಡಿದ ಟಿವಿ

ಒಂದು ವಿಷಯ ಚೆನ್ನಾಗಿ ಗೊತ್ತಿದ್ದವನಿಗೆ ಅದರ ಆಚೀಚೆಯ ನಾಲ್ಕು ವಿಷಯಗಳೂ ಗೊತ್ತು ಅನ್ನಿಸತೊಡಗುತ್ತದೆ. ಎತ್ತು ಕೊಳ್ಳುವುದರಲ್ಲಿ ಹೆಸರಾದವನು ಟ್ರ್ಯಾಕ್ಟರ್ ಕೊಳ್ಳಲು ಹೋದಾಗಲೂ ಅದರ ಹಲ್ಲು ಹುಡುಕುತ್ತಾನೆ. ನನಗೂ ಅದೇ ರೋಗ. ನಾನು ಬನಹಟ್ಟಿಯಲ್ಲಿ ಸೀರೆ ನೇಯುವವನು. ಕಲಿತದ್ದು ಐದನೇ ಇಯತ್ತೆವರೆಗೆ, ಅದರಲ್ಲೂ ಕೊನೆಯ ವರ್ಷ ಸಾಲಿಯ ಒಳಗೆ ಇದ್ದದ್ದಕ್ಕಿಂತ ಹೊರಗೆ ಇದ್ದದ್ದೇ ಹೆಚ್ಚು. ಆದರೆ ಬಣ್ಣದ ಮಾತು ಬಂದರೆ ಎಂ.ಎ. ಮಾಡಿದವರಿಗೂ ನಾನು ಪಾಠ ಹೇಳುತ್ತೇನೆ. ನಮ್ಮಲ್ಲಿ ಸೀರೆಯನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಿ ಯಾರೂ ಒಪ್ಪುವುದಿಲ್ಲ. ಬಾಗಿಲ ಹೊರಗೆ ತಂದು, ಬಿಸಿಲಿಗೆ ಹಿಡಿದು, ಸೆರಗನ್ನು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ತಿರುಗಿಸಿ, ಆಮೇಲೆ ಮಾತು. ಒಳಗೆ ಒಂದು ಹಸಿರು ಇದ್ದದ್ದು ಹೊರಗೆ ಬಂದರೆ ಬೇರೆಯೇ ಹಸಿರು. ಈ ಒಂದು ವಿದ್ಯೆಯಿಂದ ನಾನು ನನ್ನ ಅಕ್ಕನಿಗೆ ಮೋಸ ಮಾಡಿದೆ. ಅದನ್ನೇ ಹೇಳಬೇಕಾಗಿದೆ.

ಅಕ್ಕ ಗೌರವ್ವನನ್ನು ಮುಧೋಳಕ್ಕೆ ಕೊಟ್ಟಿದೆ. ನನಗಿಂತ ಆರು ವರ್ಷ ದೊಡ್ಡವಳು. ನಾನು ಸಾಲಿಗೆ ಹೋಗಲಿ ಎಂದು ಮನೆಯಲ್ಲಿ ಕುಳಿತು ನನ್ನ ಪಾಲಿನ ನೂಲಿನ ಕಂಡಿಕೆಯನ್ನೂ ಅವಳೇ ಸುತ್ತುತ್ತಿದ್ದಳು. ನಾನು ಸಾಲಿಗೆ ಹೋಗದೆ ಕೆರೆ ಏರಿಯ ಮೇಲೆ ಗೋಲಿ ಆಡುತ್ತಿದ್ದದ್ದು ಗೊತ್ತಾದ ದಿನವೂ ಅವಳು ಅಪ್ಪನಿಗೆ ಹೇಳಲಿಲ್ಲ. ಇಂಥ ಅಕ್ಕನ ಮನೆಯ ಹಳೆಯ ಟಿವಿ ಕೆಟ್ಟಿತು. ಅದೇ ಹೊತ್ತಿಗೆ ಬೆನ್ನಿಗೆ ಗೂನು ಇದ್ದ ನಮ್ಮ ಡಬ್ಬಿ ಟಿವಿಯೂ ಕಣ್ಣು ಮುಚ್ಚಿತು. ಅಕ್ಕ ಫೋನ್ ಮಾಡಿದಳು. "ತಮ್ಮಾ, ನಿನಗೊಂದು ತಗೋವಾಗ ನನಗೂ ಒಂದು ಆರಿಸಿಬಿಡು. ನನಗೇನ್ ತಿಳಿತೈತಿ, ನಿನ್ನ ಕಣ್ಣು ಅಂದ್ರ ಕಣ್ಣು."

ಆ ಕಣ್ಣುಗಳನ್ನು ತೆಗೆದುಕೊಂಡು ನಾನು ಜಮಖಂಡಿಗೆ ಹೋದೆ. ಅಂಗಡಿಯ ಸಾಹುಕಾರರು ವಯಸ್ಸಾದವರು, ತಾಳ್ಮೆಯವರು. ಎರಡು ಟಿವಿ ತೋರಿಸಿದರು. ಅಳತೆ ಒಂದೇ. ಎರಡನೆಯದು ದುಬಾರಿಯದೇ, ಆದರೆ ಹೋದ ವರ್ಷದ ಮಾದರಿ ಆಗಿದ್ದರಿಂದ ರೇಟೂ ಹೆಚ್ಚು ಕಡಿಮೆ ಒಂದೇ. ಮೊದಲನೆಯದು ಕ್ಯೂಎಲ್‌ಇಡಿ. ಅದರಲ್ಲಿ ಚಿತ್ರದ ಬೆನ್ನಿಗೆ ಉದ್ದಕ್ಕೂ ದೀಪ ಇರುತ್ತದಂತೆ, ನಡುವೆ ಬಣ್ಣ ಏರಿಸುವ ಹಾಳೆಯೊಂದು ಇರುತ್ತದಂತೆ. ಕಪ್ಪು ತೋರಿಸಬೇಕಾದರೆ ದೀಪಕ್ಕೆ ಪರದೆ ಎಳೆಯುತ್ತದೆ, ಆದರೂ ಸಂದಿಯಲ್ಲಿ ಒಂದಿಷ್ಟು ಬೆಳಕು ಸೋರುತ್ತದೆ. ಎರಡನೆಯದು ಒಎಲ್‌ಇಡಿ. ಅದರಲ್ಲಿ ಬೆನ್ನಿಗೆ ದೀಪವೇ ಇಲ್ಲ, ಒಂದೊಂದು ಚುಕ್ಕೆಯೂ ತಾನೇ ಹತ್ತಿ ತಾನೇ ಆರುತ್ತದೆ. ಕಪ್ಪು ಎಂದರೆ ಆರಿದ ಚುಕ್ಕೆ, ಅಪ್ಪಟ ಕಪ್ಪು. ನನಗೆ ತಕ್ಷಣ ತಿಳಿಯಿತು. ಒಂದು ಬಟ್ಟೆಯ ಮೇಲೆ ಬಣ್ಣ ಒತ್ತಿದ್ದು, ಇನ್ನೊಂದು ಎಳೆ ಎಳೆಗೂ ಬಣ್ಣ ಅದ್ದಿ ನೇಯ್ದದ್ದು. ಇಷ್ಟು ತಿಳಿದವನು ಅಲ್ಲಿಗೇ ನಿಲ್ಲಬೇಕಾಗಿತ್ತು. ನಾನು ನಿಲ್ಲಲಿಲ್ಲ.

"ಸಾಹುಕಾರ್ರ, ಎರಡೂ ಹೊರಗ ತರಸ್ರಿ."

"ಯಾಕ್ರಿ?"

"ಬಿಸಲಿಗೆ ಹಿಡದು ನೋಡಬೇಕು."

ಸಾಹುಕಾರರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಬಿಸಲಾಗ ಕುಂತು ಟಿವಿ ಯಾರ್ ನೋಡ್ತಾರ್ರಿ?"

"ಬಣ್ಣದ ವಿಷಯ ನಮಗ ಬಿಡ್ರಿ. ನಾವು ಬನಹಟ್ಟಿಯವ್ರು."

ಪಾಪ, ಉದ್ದನೆಯ ವೈರ್ ಎಳೆಸಿ, ಎರಡು ಟಿವಿಗಳನ್ನೂ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಇಡಿಸಿದರು. ಮಧ್ಯಾಹ್ನದ ಬಿಸಿಲು ಅಡ್ಡಕ್ಕೆ ಬೀಳುತ್ತಿತ್ತು. ಚಹಾ ಕುಡಿಯುತ್ತಿದ್ದವರು ಬಟ್ಟಲು ಹಿಡಿದುಕೊಂಡೇ ಬಂದರು. ಕ್ಯೂಎಲ್‌ಇಡಿ ಆ ಬೆಳಕಿನಲ್ಲೂ ಹೂವು ಹಣ್ಣು ತೋರಿಸುತ್ತ ನಿಂತಿತು. ಒಎಲ್‌ಇಡಿಯಲ್ಲಿ ಮಾತ್ರ ನನ್ನ ಮುಖ, ನನ್ನ ಹಿಂದೆ ನಿಂತಿದ್ದ ಮೂರು ಗಾಲಿಯ ಟಂಟಂ ಗಾಡಿ, ಅದರ ಡ್ರೈವರ್ ಹಲ್ಲು ಕಿಸಿಯುವುದು, ಇಷ್ಟೇ ಕಂಡಿತು. "ಇದು ಟಿವಿ ಅಲ್ಲೋ ಯಪ್ಪಾ, ಕನ್ನಡಿ, ಗಡ್ಡ ಮಾಡ್ಕೊಳ್ಳಾಕ ಛಲೋ ಐತಿ," ಎಂದು ಆ ಡ್ರೈವರ್ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಬಿಸಿಲು ಸತ್ಯ ಹೇಳಿತು ಎಂದುಕೊಂಡೆ.

ತಪ್ಪು ನಡೆದದ್ದು ಈಗ. ಎರಡೂ ಮನೆಗೆ ಬಿಸಿಲಿನಲ್ಲಿ ಗೆದ್ದ ಕ್ಯೂಎಲ್‌ಇಡಿಯನ್ನೇ ಕೇಳಿದೆ. ಅದು ಒಂದೇ ಉಳಿದಿದೆ, ಇನ್ನೊಂದಕ್ಕೆ ಎಂಟು ದಿನ ಕಾಯಬೇಕು ಎಂದರು. ಕಾಯಬಹುದಿತ್ತು. ಗೆದ್ದದ್ದನ್ನು ಅಕ್ಕನಿಗೆ ಕೊಟ್ಟು ನಾನು ಕಾಯಬಹುದಿತ್ತು. ಆದರೆ ಟಿವಿ ಒಯ್ಯುವ ಗಾಡಿ ಬಂದಾಗ ಕ್ಯೂಎಲ್‌ಇಡಿ ಬನಹಟ್ಟಿಗೆ, ಕನ್ನಡಿ ಮುಧೋಳಕ್ಕೆ ಎಂದು ನನ್ನ ಬಾಯಿಯೇ ಹೇಳಿತು. ಅಕ್ಕನಿಗೆ ಫೋನ್ ಮಾಡಿ, "ನಿನಗ ಛಲೋದ್ದು ಆರಿಸಿ ಕಳಸೀನಿ," ಎಂದೂ ಹೇಳಿದೆ. ಕೆಟ್ಟದ್ದನ್ನು ಕೊಟ್ಟದ್ದಕ್ಕಿಂತ ಈ ಮಾತು ಹೆಚ್ಚು ಚುಚ್ಚಿತು. ಹದಿನೈದು ದಿನ ಮುಧೋಳದ ಫೋನ್ ಬಂದರೆ ಹೆಂಡತಿ ಶಾಂತಾಳ ಕೈಗೆ ಕೊಟ್ಟು ನಾನು ಮಗ್ಗದ ಕಡೆ ಹೋಗುತ್ತಿದ್ದೆ. ಮಗ್ಗದ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ, ಅದೊಂದು ಅನುಕೂಲ.

ಎಷ್ಟು ದಿನ ತಪ್ಪಿಸಿಕೊಳ್ಳುವುದು? ಒಮ್ಮೆ ಮುಧೋಳಕ್ಕೆ ಹೋಗಲೇಬೇಕಾಯಿತು. ಅಕ್ಕನ ಟಿವಿ ಇರುವುದು ನಡುಮನೆಯಲ್ಲಿ. ಆ ಕೋಣೆಗೆ ಕಿಟಕಿ ಇಲ್ಲ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಅದರ ಮೇಲೂ ಕಲ್ಲು ಮುಚ್ಚಿರುತ್ತಾರೆ. ಊಟಕ್ಕೆ ಕುಳಿತಾಗ ಧಾರಾವಾಹಿ ನಡೆದಿತ್ತು. ಅತ್ತೆ ಪಾತ್ರದವಳು ಕರಿಯ ಚಂದ್ರಕಾಳಿ ಸೀರೆ ಉಟ್ಟು ಕತ್ತಲೆಯಲ್ಲಿ ನಿಂತು ಸೊಸೆಗೆ ಕೇಡು ಯೋಚಿಸುತ್ತಿದ್ದಳು. ಕತ್ತಲೆಯ ಕಪ್ಪು ಬೇರೆ, ಸೀರೆಯ ಕಪ್ಪು ಬೇರೆ, ಅದರ ಅಂಚಿನ ಎಳೆ ಬೇರೆ ಬೇರೆ ಎಣಿಸುವಂತೆ ಕಂಡಿತು. ಇದೇ ಧಾರಾವಾಹಿಯ ಇದೇ ಅತ್ತೆ ನಮ್ಮ ಮನೆಯಲ್ಲಿ, ಸಂಜೆ ಮಗ್ಗ ನಿಂತ ಮೇಲೆ, ಒಲೆಯ ಬೂದಿಯಲ್ಲಿ ಹೊರಳಾಡಿ ಬಂದವಳ ಹಾಗೆ ಕಾಣುತ್ತಿದ್ದಳು. ನಾನು ಊಟ ಬಿಟ್ಟು ಎದ್ದೆ. ಹೊಟ್ಟೆ ಸರಿಯಿಲ್ಲ ಎಂದೆ.

ಮುಂದಿನ ವಾರ ಅಕ್ಕನೇ ಬನಹಟ್ಟಿಗೆ ಬಂದಳು. ಚಹಾ ಕುಡಿಯುತ್ತ ನಮ್ಮ ಟಿವಿ ನೋಡಿದಳು.

"ತಮ್ಮಾ, ಇದ್ಯಾಕೋ ಕತ್ತಲಿ ಎಲ್ಲಾ ಮಬ್ಬಮಬ್ಬ ಕಾಣಾಕತ್ತೈತಿ?"

"ಅದು ಹಂಗ ಐತಿ, ಅಕ್ಕಾ."

ಅವಳು ಬಟ್ಟಲು ಕೆಳಗಿಟ್ಟಳು. "ಅಂದ್ರ ಛಲೋದ್ದು ನನಗ ಕೊಟ್ಟು ನೀ ಇಂಥಾದ್ದು ಇಟಗೊಂಡಿ?" ಕಣ್ಣಲ್ಲಿ ನೀರು ಬಂದೇಬಿಟ್ಟಿತು. "ಬ್ಯಾಡೋ. ನಾಳೆ ನಿಮ್ಮ ಮಾವನ ಕೂಡ ನನ್ನ ಟಿವಿ ಕಳಸ್ತೀನಿ. ಇದನ್ನ ನಾ ಒಯ್ತೀನಿ. ನಮಗ ಹೆಂಗಿದ್ರೂ ನಡಿತೈತಿ."

ಈಗ ನಾನು ಸುಮ್ಮನಿದ್ದರೆ ಸಾಕು, ಒಳ್ಳೆಯ ಟಿವಿ ತಾನೇ ನಡೆದು ಬರುತ್ತದೆ. ಸುಮ್ಮನೇ ಇದ್ದೆ ಕೂಡ, ಒಂದು ಗುಟುಕು ಚಹಾದಷ್ಟು ಹೊತ್ತು. ಅಡಿಗೆಮನೆಯ ಬಾಗಿಲಲ್ಲಿ ಶಾಂತಾ ಚಪಾತಿ ಲಟ್ಟಿಸುವ ಲತ್ತುಡಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಒಂದೇ ಅಕ್ಕನಿಗೆ ಎರಡು ಸಲ ಮೋಸ ಮಾಡುವ ಧೈರ್ಯ ನನಗೆ ಬರಲಿಲ್ಲ. ಕಟ್ಟೆ, ಬಿಸಿಲು, ಕನ್ನಡಿ, ನನ್ನ ಬಾಯಿ, ಎಲ್ಲ ಹೇಳಿಬಿಟ್ಟೆ. ಕೆಟ್ಟದ್ದು ಎಂದು ತಿಳಿದೇ ನಿನಗೆ ಕಳಿಸಿದೆ ಎಂದೆ.

ಅಕ್ಕ ತಲೆ ತಗ್ಗಿಸಿದಳು. ಅವಳ ಭುಜಗಳು ಅಲುಗಿದವು. ಅಳುತ್ತಾಳೆ ಎಂದುಕೊಂಡೆ, ನಗುತ್ತಿದ್ದಳು. "ಅಲ್ಲೋ ಹುಚ್ಚಾ, ಕೆಟ್ಟದ್ದು ಕೊಡಾಕರೆ ನೆಟ್ಟಗ ಬರಬಾರದಾ ನಿನಗ?" ಸೆರಗಿನಿಂದ ಕಣ್ಣೊರೆಸಿಕೊಂಡು, "ಆತು ಬಿಡು. ನನ್ನ ಟಿವಿ ನನ್ನ ಮನ್ಯಾಗ ಇರಲಿ," ಎಂದಳು. ಬದಲಿಯ ಮಾತು ಅಲ್ಲಿಗೆ ಮುಗಿಯಿತು.

ನನ್ನ ಮನಸ್ಸು ಹಗುರಾಯಿತು. ಆದರೆ ಅಕ್ಕ ಒಂದು ಪದ್ಧತಿ ಹಾಕಿಕೊಂಡಿದ್ದಾಳೆ. ಮೊನ್ನೆ ಅವಳ ಗಂಡ, ನಮ್ಮ ಮಾವನಿಗೆ ಮೊಬೈಲ್ ಕೊಳ್ಳಲು ನನ್ನನ್ನು ಕರೆದಳು. ಎರಡು ಫೋನ್ ಮುಂದಿಟ್ಟು, "ನಿನಗ ಯಾವುದು ಛಲೋ ಅನಸ್ತೈತಿ?" ಎಂದಳು. ಒಂದಕ್ಕೆ ಬೆರಳು ಮಾಡಿದೆ. ಅಂಗಡಿಯವರಿಗೆ, "ಹಂಗಾರ ಆ ಇನ್ನೊಂದು ಕೊಡ್ರಿ," ಎಂದಳು. ಅವಳ ಈ ಪದ್ಧತಿ ಮೊದಲೇ ಗೊತ್ತಿದ್ದರಿಂದಲೇ ನಾನು ಮನಸ್ಸಿಗೆ ಬಾರದ ಫೋನನ್ನು ತೋರಿಸಿದ್ದೆ, ಒಳ್ಳೆಯದು ಅವಳಿಗೆ ಹೋಗಲಿ ಎಂದು. ಖರೆ ಹೇಳಿ ಪಾರಾದ ಮೇಲೆ ಮತ್ತೆ ಅಕ್ಕನಿಗೆ ಸುಳ್ಳು ಹೇಳಿದ ಹಾಗಾಯಿತು.

ಹೊರಗೆ ಬಂದ ಮೇಲೆ ಅಕ್ಕ ಮೆಲ್ಲಗೆ ಕೇಳಿದಳು. "ನೀ ತೋರಿಸಿದ್ದು ಖರೇನ ನಿನ್ನ ಮನಸಿಗೆ ಬಂದಿತ್ತೋ, ಇಲ್ಲಾ ನಾ ಇನ್ನೊಂದು ತಗೋಲಿ ಅಂತ ತೋರಿಸಿದ್ಯೋ?"

ನಾನು ಚಪ್ಪಲಿ ಹುಡುಕುವವನ ಹಾಗೆ ಬಗ್ಗಿದೆ. ಮನಸ್ಸಿಗೆ ಬಂದದ್ದಿರಲಿ, ಎರಡು ಫೋನುಗಳಲ್ಲಿ ಯಾವುದು ಒಳ್ಳೆಯದು ಎಂಬುದೇ ನನಗೆ ತಿಳಿದಿರಲಿಲ್ಲ ಎಂಬ ಸಂಗತಿಯನ್ನು ಮಾತ್ರ ಇನ್ನೂ ಯಾರ ಮುಂದೆಯೂ ಒಪ್ಪಿಕೊಂಡಿಲ್ಲ.