ಹುಳದ ಮನೆ ಬಾಗಿಲಲ್ಲಿ ಕಾಕ್‌ಟೇಲು

ಮನೆಯಲ್ಲಿ ಕಾಕ್‌ಟೇಲು ಮಾಡುವುದು ಬಹಳ ಸುಲಭ. ಮೊಬೈಲಿನಲ್ಲಿ ಒಬ್ಬ ಹೆಣ್ಣುಮಗಳು ಹಾಡು ಹಾಕಿಕೊಂಡು ನಗುನಗುತ್ತಲೇ ಮಾಡಿ ಮುಗಿಸಿದಳು. ಕೆಂಪು ವೈನು, ನಿಂಬೆಹಣ್ಣಿನ ಬಿಲ್ಲೆ, ಸಕ್ಕರೆ, ಕುಡಿಯುವ ಮುಂಚೆ ಸೋಡ. ಇದಕ್ಕಿಂತ ನಮ್ಮ ಮನೆಯ ಬಸ್ಸಾರು ಕಷ್ಟ! ರಾಮನಗರದ ಪಕ್ಕದ ಕೈಲಾಂಚದಲ್ಲಿ ಪೈಪು, ಮೋಟರು ಮಾರುವ ಅಂಗಡಿ ಇಟ್ಟು ಹತ್ತೂರಿಗೆ ನೀರು ಹರಿಸಿದ ನಾನು ಇಷ್ಟು ಮಾಡಲಾರೆನೇ?

ಇದಕ್ಕೆಲ್ಲ ಕಾರಣ ನನ್ನ ಭಾವಮೈದ ಮಂಜು. ಬಿಡದಿಯ ಕಾರ್ ಫ್ಯಾಕ್ಟರಿಯಲ್ಲಿ ಕೆಲಸ. ಹೋದ ಬೇಸಿಗೆಯಲ್ಲಿ ತನ್ನ ಮನೆಯ ತಾರಸಿಯ ಮೇಲೆ ಎಲ್ಲರಿಗೂ ಉದ್ದನೆ ಲೋಟದಲ್ಲಿ ಕೆಂಪು ಪಾನೀಯ ಕೊಟ್ಟು, ನಾನು ಗಟಗಟ ಕುಡಿದಿದ್ದಕ್ಕೆ ಸ್ನೇಹಿತರ ಮುಂದೆಯೇ ಪಾಠ ಹೇಳಿದ್ದ. ಹೊಟ್ಟೆ ಉರಿದುಹೋಗಿತ್ತು. ಈ ಸಲ ನಮ್ಮ ತಾರಸಿಗೆ ಬಾ, ನಾನೇ ಮಾಡುತ್ತೇನೆ ಎಂದು ಭಾನುವಾರಕ್ಕೆ ಕರೆದೆ.

ಶನಿವಾರ ಅವನ ಫೋನ್ ಬಂತು. ಅಪ್ಪನೂ ಬರುತ್ತಾರಂತೆ!

ಅಪ್ಪ ಎಂದರೆ ನನ್ನ ಮಾವನವರು. ಮಾಗಡಿ ಕಡೆಯ ಹಳೆಯ ರೇಷ್ಮೆ ಬೆಳೆಗಾರರು. ರೇಷ್ಮೆಹುಳುವಿಗೆ ವಾಸನೆ ಆಗದು ಎಂದು ಒಗ್ಗರಣೆ ಹಾಕುವಾಗ ಉಟ್ಟ ಸೀರೆಯಲ್ಲಿ ಅತ್ತೆಯನ್ನೂ ಹುಳದ ಮನೆಯೊಳಗೆ ಬಿಡದ ಮನುಷ್ಯ. ಮದುವೆಯಾದ ಮಾರನೆಯ ದಿನ ಹೊಸ ಅಳಿಯನಾದ ನಾನು ಮೈತುಂಬ ಸೆಂಟು ಹೊಡೆದುಕೊಂಡು ಅಲ್ಲಿಗೇ ಹೊಕ್ಕಿದ್ದೆ. ಅಂದಿನಿಂದ ಇಂದಿನವರೆಗೆ ಅವರ ಬಾಯಿಂದ ನನ್ನ ಬಗ್ಗೆ ಒಂದೇ ಒಂದು ಒಳ್ಳೆಯ ಮಾತು ಬಂದಿಲ್ಲ. ನನ್ನ ಸುದ್ದಿ ಎತ್ತಿದರೆ ಟವೆಲ್ ಕೊಡವಿ ಎದ್ದು ಹೋಗುತ್ತಾರೆ. ಅಂಗಡಿ ಇಟ್ಟೆ, ಮನೆ ಕಟ್ಟಿದೆ, ಊಹೂಂ! ಆ ಒಂದು ಮಾತಿಗಾಗಿ ನಾನು ಎಷ್ಟು ಹಂಬಲಿಸಿದ್ದೇನೆಂದು ನನಗೊಬ್ಬನಿಗೇ ಗೊತ್ತು.

ಅವರು ಬರುತ್ತಿದ್ದುದು ಮಗಳ ಹುಳು ನೋಡಲು. ನನ್ನ ಹೆಂಡತಿ ಸುಶೀಲ ನಮ್ಮ ಹಿತ್ತಲಿನಲ್ಲಿ ಹುಳು ಸಾಕುತ್ತಾಳೆ. ಅವು ಇನ್ನೇನು ಗೂಡು ಕಟ್ಟುವ ಹಂತದಲ್ಲಿದ್ದವು. ಅವಳ ಷರತ್ತು ಚಿಕ್ಕದು.

“ತಾರಸಿ ಮ್ಯಾಲೆ ಏನಾರ ಮಾಡ್ಕಳಿ. ಅಪ್ಪಂಗೆ ಗೊತ್ತಾಗ್ಬಾರ್ದು. ಹುಳದ್ ಮನೆ ಒಳಿಕ್ ಏನೂ ತರ್ಬಾರ್ದು.”

ಒಪ್ಪಿಕೊಂಡು ರಾಮನಗರಕ್ಕೆ ಹೊರಟೆ. ‘ವೈನ್ಸ್’ ಎಂದು ಆಳೆತ್ತರದ ಬೋರ್ಡು ಹಾಕಿದ್ದ ಅಂಗಡಿಯಲ್ಲಿ ವೈನ್ ಕೇಳಿದರೆ ಅಂಗಡಿಯವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಬ್ರಾಂದಿ ಐತೆ, ವಿಸ್ಕಿ ಐತೆ, ವೈನ್ ಯಾರು ಕುಡೀತಾರೆ ಸಾ ಎಂದ. ಊರೆಲ್ಲ ಅಲೆದು, ಕೊನೆಗೊಂದು ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದು ಕೂತಿದ್ದ ಬಾಟಲಿಗಳನ್ನು ಉದ್ಧಾರ ಮಾಡಿ ತಂದೆ.

ಭಾನುವಾರ ಮಧ್ಯಾಹ್ನ ಬಾಟಲಿ ತೆಗೆಯಲು ಕೂತೆ. ಬಾಯಲ್ಲಿ ಬಿರಡೆ. ಎಳೆದೆ, ಬರಲಿಲ್ಲ. ಅಂಗಡಿಯ ಸ್ಕ್ರೂಡ್ರೈವರ್ ತಂದು ಮೀಟಿದೆ, ಪುಡಿಯಾಯಿತು. ಸಿಟ್ಟು ಬಂದು ಒಳಕ್ಕೇ ಗುದ್ದಿದೆ. ಬಿರಡೆ ಒಳಗೆ ಹೋಯಿತು, ವೈನು ಹೊರಗೆ ಬಂತು! ಬನಿಯನ್ನು, ಗೋಡೆ, ಕ್ಯಾಲೆಂಡರಿನ ದೇವರು, ಎಲ್ಲರಿಗೂ ಸಿಂಚನವಾಯಿತು. ಉಳಿದದ್ದನ್ನು ಬಟ್ಟೆಯಲ್ಲಿ ಸೋಸಿ, ದೊಡ್ಡ ಪಾತ್ರೆ ಬೇರೆ ಸಿಗದೆ ಸ್ಟೀಲಿನ ಬೇಸಿನ್ನಿಗೆ ಸುರಿದೆ. ನಿಂಬೆ ಬಿಲ್ಲೆ ತೇಲಿಬಿಟ್ಟೆ, ಸಕ್ಕರೆ ಸುರಿದೆ. ರುಚಿ ನೋಡಿದರೆ ಕೆಮ್ಮಿನ ಔಷಧಿ. ಕೈ ತಡೆಯದೆ ಇನ್ನಷ್ಟು ಸಕ್ಕರೆ ಸುರಿದೆ. ತಣ್ಣಗಾದರೆ ಸರಿಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ತಣ್ಣಗಾಗಲು ಫ್ರಿಜ್ಜಿನಲ್ಲಿ ಜಾಗವಿಲ್ಲ. ಅದೇ ಹೊತ್ತಿಗೆ ಕರೆಂಟೂ ಹೋಯಿತು. ನಮ್ಮಲ್ಲಿ ಬೇಸಿಗೆಯಲ್ಲಿ ತಂಪಾಗಿ ಬದುಕುವುದು ಹುಳುಗಳು ಮಾತ್ರ. ಅವುಗಳ ಮನೆಯ ಸುತ್ತ ಒದ್ದೆ ಗೋಣಿತಾಟು ಇಳಿಬಿಟ್ಟಿರುತ್ತದೆ. ಒಳಗೆ ಇಡಬಾರದೆಂದು ತಾನೆ ಸುಶೀಲ ಹೇಳಿದ್ದು? ಬಾಗಿಲ ಹೊರಗೆ, ಗೋಣಿತಾಟಿನ ನೆರಳಲ್ಲಿ ಒಂದು ಸ್ಟೂಲಿತ್ತು. ಅದರ ಮೇಲೆ ಕೈ ತೊಳೆಯುವ ಮದ್ದಿನ ನೀರಿನ ಬೇಸಿನ್ನು. ಅದನ್ನು ಕೆಳಗಿಳಿಸಿ ನನ್ನದನ್ನು ಮೇಲಿಟ್ಟೆ. ಮುಚ್ಚಲು ತಟ್ಟೆ ತರೋಣವೆಂದು ಅಡುಗೆಮನೆಗೆ ಹೋದೆ.

ಆಗಲೇ ಮಂಜುವಿನ ಕಾರು ಬಂದದ್ದು. ಸಂಜೆ ಬರಬೇಕಿದ್ದವರು!

ಮಾವನವರು ಮಗಳ ಮನೆಗೆ ಬಂದರೆ ಮೊದಲು ಹುಳದ ಮನೆ, ಆಮೇಲೆ ಮಗಳು. ನೇರ ಹಿತ್ತಲಿಗೆ ನಡೆದಿದ್ದಾರೆ. ಹುಳದ ಮನೆಗೆ ಯಾರೇ ಹೋಗಲಿ, ಬಾಗಿಲಲ್ಲಿಟ್ಟ ನೀರಿನಲ್ಲಿ ಕೈ ತೊಳೆದೇ ಒಳಗೆ ಕಾಲಿಡಬೇಕು. ನಾನು ತಟ್ಟೆ ಹಿಡಿದು ಓಡಿ ಬರುವ ಹೊತ್ತಿಗೆ ಮಾವನವರು ಎರಡೂ ಕೈಯನ್ನು ಮೊಣಕೈವರೆಗೆ ನನ್ನ ಕಾಕ್‌ಟೇಲಿನಲ್ಲಿ ಅದ್ದಿ ನಿಂತಿದ್ದರು!

ಪುಣ್ಯಕ್ಕೆ ಅವರಿಗೆ ಜೋರು ನೆಗಡಿ, ಮೂಗು ಕಟ್ಟಿತ್ತು. ನಿಂಬೆ ಬಿಲ್ಲೆಯೊಂದನ್ನು ಎತ್ತಿ ನೋಡಿದರು.

“ಅಳಿಯಂದ್ರೇ, ಇದ ನೀವು ಮಡ್ಗಿದ್ದಾ?”

ತಲೆಯಾಡಿಸಿದೆ. ಸುಳ್ಳಂತೂ ಅಲ್ಲ.

“ಕೆಂಪ್ ನೀರು, ನಿಂಬೆಹಣ್ಣು. ಹುಳಕ್ಕೆ ದೃಷ್ಟಿ ಆಗ್ದಂಗೆ ಮಡ್ಗವ್ರೆ. ಮದ್ದೂ ಬೆರ್ಸವ್ರೆ, ಕೈಗೆ ಹೆಂಗ್ ಅಂಟ್ತಾ ಐತೆ ನೋಡ್ಲಾ ಮಂಜ. ನೀನೂ ತೊಳ್ಕೊ.”

ಮಂಜು ಕೈ ಅದ್ದಿದ, ಮೂಸಿದ, ನನ್ನ ಮುಖ ನೋಡಿದ. ಆಮೇಲೆ ಗೋಡೆ ಕಡೆ ತಿರುಗಿ ನಿಂತ. ಅವನ ಹೆಗಲು ಕುಣಿಯುತ್ತಿತ್ತು. ಮಾವನವರು ನಾಲ್ಕು ಹನಿ ತೆಗೆದು ಬಾಗಿಲ ಚೌಕಟ್ಟಿಗೂ ಚಿಮುಕಿಸಿ ಕೈಮುಗಿದರು!

ಅಷ್ಟರಲ್ಲಿ ಸುಶೀಲ ಬಂದಳು. ಬೇಸಿನ್ನು ನೋಡಿದಳು, ಅಪ್ಪನ ಕೈ ನೋಡಿದಳು, ನನ್ನನ್ನು ನೋಡಿದಳು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅವಳು ಒಂದು ಮಾತು ಬಾಯಿಬಿಟ್ಟಿದ್ದರೆ ಈ ಜನ್ಮದಲ್ಲಿ ನಾನು ಮಾಗಡಿ ರಸ್ತೆ ಹಿಡಿಯುವಂತಿರಲಿಲ್ಲ.

“ಅದು ದೃಷ್ಟಿಗೆ ಅಪ್ಪಾ. ಕೈಗೆ ಈ ನೀರು,” ಎಂದು ಕೆಳಗಿದ್ದ ಬೇಸಿನ್ನನ್ನು ಎತ್ತಿ ಅವರ ಮುಂದೆ ಹಿಡಿದಳು. ಉಳಿಸಿದ್ದು ನನ್ನನ್ನಲ್ಲ, ಹುಳುಗಳನ್ನು. ನಾನು ಜೊತೆಗೆ ಉಳಿದುಕೊಂಡೆ ಅಷ್ಟೇ.

ಮಾವನವರು ಮತ್ತೊಮ್ಮೆ ಕೈ ತೊಳೆದು, ಟವೆಲಿನಲ್ಲಿ ಒರೆಸಿಕೊಂಡು ಮಗಳಿಗೆ ಹೇಳಿದರು. “ನಿನ್ ಗಂಡಂಗೆ ಬುದ್ಧಿ ಇಲ್ಲ ಅಂದ್ಕಂಡಿದ್ದೆ ಕಣವ್ವ. ಪರವಾಗಿಲ್ಲ, ಒಸಿ ಐತೆ.”

ಒಸಿ! ಅಷ್ಟು ಸಾಕಾಗಿತ್ತು. ತಟ್ಟೆ ಎದೆಗೊತ್ತಿಕೊಂಡು ನಿಂತಲ್ಲೇ ಕಣ್ಣು ತುಂಬಿ ಬಂತು. ಸಂತೋಷವೂ ಆಯಿತು, ನಾಚಿಕೆಯೂ ಆಯಿತು.

ಆ ಸಂಜೆ ತಾರಸಿಯ ಮೇಲೆ ನಾನೂ ಮಂಜುವೂ ಉಪ್ಪು ಹಾಕಿದ ಗೋಲಿ ಸೋಡ ಕುಡಿದೆವು. ಹೇಗೆ ಕುಡಿಯಬೇಕೆಂದು ಅವನು ಈ ಸಲ ಪಾಠ ಹೇಳಲಿಲ್ಲ, ನಗುವಿನಿಂದ ಅವನಿಗೆ ಪುರುಸೊತ್ತೇ ಇರಲಿಲ್ಲ.

ಸುಶೀಲಳ ಆರೈಕೆಗೆ ಗೂಡು ಚೆನ್ನಾಗಿ ಬಂತು. ಮಾವನವರು ಮಾತ್ರ ಅದನ್ನು ಕೆಂಪು ನೀರಿನ ಲೆಕ್ಕಕ್ಕೆ ಬರೆದು ನೆಂಟರಿಗೆಲ್ಲ ಸಾರಿದ್ದಾರೆ. ಮುಂದಿನ ಬೆಳೆಗೆ ಅರಿಶಿನ ಸುಣ್ಣ ಕಲಸಿ ಕೆಂಪು ನೀರು ಇಟ್ಟರೆ, ಕೈ ಅದ್ದಿ, ಬೆರಳು ಉಜ್ಜಿ, ಅಂಟುತ್ತಿಲ್ಲವಲ್ಲ ಎಂದು ಮುಖ ಗಂಟಿಕ್ಕಿದರು. ಈಗ ಅದಕ್ಕೂ ಸಕ್ಕರೆ ಹಾಕುತ್ತೇವೆ.

ಹೀಗೆ ನನ್ನ ಕಾಕ್‌ಟೇಲು ಮಾಗಡಿಯವರೆಗೂ ಹೆಸರು ಮಾಡಿದೆ. ಅದನ್ನು ಬಾಯಿಗಿಟ್ಟವನು ಮಾತ್ರ ನಾನೊಬ್ಬನೇ. ನನಗೆ ಹಿಡಿಸಿರಲಿಲ್ಲ.