ಎಡಕ್ಕೆಳೆಯುವ ಮೋಟಾರು

ನಿಜಾಮರ ಕಾಲದಲ್ಲಿ ಜಹೀರಾಬಾದಿನಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದ ನನಗೆ ಕೂತು ಚಹಾ ಕುಡಿದ ನೆನಪೇ ಇಲ್ಲ. ಬಟ್ಟಲು ತುಟಿಗೆ ಹಚ್ಚುವಷ್ಟರಲ್ಲಿ ಒಂದು ಗಾಡಿ ಬಂದು ನಿಲ್ಲುತ್ತಿತ್ತು. ಹಾಗೇ ಒಂದು ದಿನ ಬಂದು ನಿಂತದ್ದು ನಾರಾಯಣಖೇಡದ ಸಾಹುಕಾರರದು.

೧. ಸೀನು

ಸಾಹುಕಾರರು ಯಾವುದೋ ಜಾಗೀರದಾರರ ಹಳೇ ಕಾರು ಕೊಂಡು, ಹಿಂದಿನ ಅರ್ಧ ಕತ್ತರಿಸಿ, ಬಡಿಗನಿಂದ ಕಟ್ಟಿಗೆಯ ಡಬ್ಬಿ ಕೂಡಿಸಿ ಜೋಳದ ಚೀಲ ಹೇರುತ್ತಿದ್ದರು. ಆವತ್ತಿನಿಂದ ಗಾಡಿ ಎಡಕ್ಕೆ ಎಳೆಯುತ್ತಿತ್ತು.

"ಎಷ್ಟ್ ದಿನದಿಂದ ಹಿಂಗದರಿ?"

"ಮೂರು ವರ್ಷ ಆತು ಮಿಸ್ತ್ರಿ. ಸ್ಟೇರಿಂಗ್ ಬಲಕ್ಕ ಜಗ್ಗಿ ಹಿಡದ್ರ ಸೀದಾ ಹೋಗ್ತದ."

"ಮತ್ತ ಇವತ್ಯಾಕ ಬಂದ್ರಿ?"

"ನಿನ್ನೆ ಸೀನು ಬಂತು. ಕಣ್ಣು ತೆಗದು ನೋಡ್ತೀನಿ, ಕಬ್ಬಿನ ಹೊಲದಾಗಿದ್ದೆ."

೨. ದಾರ

ಹಿಂದಿನ ಗಾಲಿಯಿಂದ ಮುಂದಿನ ಗಾಲಿಗೆ ದಾರ ಎಳೆದು ನೋಡಿದೆ. ಎಡಗಾಲಿಯ ಮೂತಿ ಎರಡು ಬೆರಳು ಹೊರಗಿತ್ತು. ಮುಂದಿನ ಎರಡೂ ಗಾಲಿ ಜೋಡಿಸುವ ಅಡ್ಡ ರಾಡನ್ನು ಬಿಗಿ ಮಾಡಿದೆ, ಸಡಿಲು ಮಾಡಿದೆ, ಮನಸ್ಸು ತಡೆಯದೆ ಮತ್ತೆ ಬಿಗಿ ಮಾಡಿದೆ. ಕಡೆಗೆ ದಾರಕ್ಕೆ ಸರಿಯಾಗಿ ನಿಂತಿತು.

ಸಾಹುಕಾರರು ಖುಷಿಯಿಂದ ಹೊರಟರು. ಹತ್ತು ಹೆಜ್ಜೆ ಹೋಗಿ ಬಲಗಡೆಯ ಚಹಾದಂಗಡಿಯ ಗೋಡೆಗೆ ಗುದ್ದಿದರು.

"ಈಗ ಬಲಕ್ಕ ಎಳೀತದಲ್ಲೋ!"

"ಗಾಡಿ ಎಳೆಯಂಗಿಲ್ರಿ. ಮೂರು ವರ್ಷದ ರೂಢಿ, ತಾವೇ ಎಳೀಲತ್ತೀರಿ."

"ಅದಕ್ಕೇನು ಇಲಾಜು?"

"ದಾರ ಇಲ್ಲೇ ಅದ. ಎರಡೂ ಕೈ ಮುಂದ ಚಾಚ್ರಿ."

೩. ತಹಶೀಲ್ದಾರರ ಸವಾರಿ

ಅದೇ ವಾರ ತಹಶೀಲ್ದಾರರ ಗಾಡಿ ಕೆಟ್ಟಿತು. ಸಾಹುಕಾರರ ಗಾಡಿಯಲ್ಲೇ ತಾಂಡೂರಿಗೆ ಹೋಗಬೇಕೆಂದು ಹುಕುಂ ಬಂತು. ದಾರಿಯಲ್ಲಿ ಕೈಕೊಟ್ಟರೆ ನಮ್ಮಿಬ್ಬರ ಗತಿ ಏನು? ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಾನೂ ಹತ್ತಿದೆ.

ಸಾಹೇಬರು ಭಾರೀ ಆಸಾಮಿ. ಮುಂದೆ ಎಡಗಡೆ ಕೂತರು. ಆ ಕಡೆಯ ಸ್ಪ್ರಿಂಗ್ ಮೊದಲೇ ಸೋತಿತ್ತು, ಕುಂಯ್ ಅಂದು ಕುಸಿಯಿತು. ಗಾಡಿ ಮತ್ತೆ ಎಡಕ್ಕೆ! ದಪ್ಪ ಇದ್ದೀರಿ ಅಂತ ಅವರಿಗೆ ಹೇಳುವವರು ಯಾರು?

"ಹುಜೂರ್, ಈ ಕಡಿಗೆ ಬಿಸಿಲು ಹೊಡೀತದ್ರಿ. ಹಿಂದ ಡಬ್ಬಿಯಾಗ ಬಲಗಡೆ ತಂಪದ" ಅಂದೆ. ಹೋಗಿ ಕೂತರು. ಗಾಡಿ ಬಾಣದಂತೆ ನೆಟ್ಟಗೆ ಓಡಿತು. ನಾನು ಆವತ್ತು ಮೊದಲ ಸಲ ಉಸಿರು ಬಿಟ್ಟೆ.

ಆದರೆ ತಂಪಿಗೆ ಸಾಹೇಬರಿಗೆ ನಿದ್ದೆ ಹತ್ತಿತು. ಮೆಲ್ಲಗೆ ಎಡಕ್ಕೆ ವಾಲಿದರು. ಗಾಡಿಯೂ ವಾಲಿತು. ಸಾಹುಕಾರರು ಸ್ಟೇರಿಂಗಿಗೆ ಜೋತುಬಿದ್ದರೂ ಕೇಳದೆ ರಸ್ತೆ ಬಿಟ್ಟು ಒಬ್ಬ ರೈತನ ಹುಲ್ಲಿನ ಬಣವೆಗೆ ನುಗ್ಗಿ ನಿಂತಿತು.

ಸಾಹೇಬರು ಮೈಮೇಲಿನ ಹುಲ್ಲು ಕೊಡವಿ ಗುಡುಗಿದರು: "ಇಲ್ಲಿಗ್ಯಾಕ ತಂದ್ರಿ?"

ಸಾಹುಕಾರರು ಕೈಮುಗಿದು ನಿಜವನ್ನೇ ಹೇಳಿಬಿಟ್ಟರು: "ನಾವು ತಂದಿಲ್ರಿ ಸರಕಾರ್. ತಾವು ಯಾವ ಕಡಿಗೆ ವಾಲ್ತೀರಿ, ಗಾಡಿ ಆ ಕಡಿಗೇ ಹೋಗ್ತದ್ರಿ."

ಸಾಹೇಬರು ಮೀಸೆ ತಿರುವಿ ಅಂದರು: "ಶಾಭಾಶ್! ನನ್ನ ತಾಲೂಕಿನಾಗ ಎಲ್ಲಾರೂ ಹಿಂಗೇ ಇರಬೇಕು!"